ಒಂದೇ ಅಂಗಿಯ ಅಂಗಡಿ

ಅಮೆರಿಕದ ಶಿಕಾಗೊ ನಗರದ ಜೇಕ್ ನಿಕೆಲ್ ಮತ್ತು ಜೇಕಬ್ ಡಿಹಾರ್ಟ್ ಎಂಬ ಇಬ್ಬರು ಯುವಕರು 2000ನೇ ಇಸವಿಯ ಕೊನೆಯಲ್ಲಿ ತಲಾ 500 ಡಾಲರ್ ಹಾಕಿ ಒಂದು ವ್ಯಾಪಾರ ಆರಂಭಿಸಿದರು. ಅದಕ್ಕೆ ಮಳಿಗೆ ಇರಲಿಲ್ಲ, ಬೋರ್ಡೂ ಇರಲಿಲ್ಲ. ಅಂತರ್ಜಾಲದಲ್ಲಿ ಪರಿಚಯವಾಗಿದ್ದ ಚಿತ್ರಕಾರರಿಗೆ ಅವರು ಒಂದು ಸ್ಪರ್ಧೆ ಏರ್ಪಡಿಸಿದರು: ಟೀ ಶರ್ಟಿಗೆ ಒಪ್ಪುವ ಚಿತ್ರ ಬರೆದು ಕಳಿಸಿ, ಗೆದ್ದ ಚಿತ್ರವನ್ನು ಅಚ್ಚು ಹಾಕಿಸಿ ಮಾರುತ್ತೇವೆ. ಬಂದ ಚಿತ್ರಗಳಲ್ಲಿ ಐದನ್ನು ಆರಿಸಿ, ಒಂದೊಂದಕ್ಕೆ 24ರಂತೆ 120 ಅಂಗಿಗಳನ್ನು ಮಾಡಿಸಿ, ತಲಾ 12 ಡಾಲರಿಗೆ ಮಾರಿದರು. ಗೆದ್ದವರಿಗೆ ಸಂದದ್ದು ಹಣವಲ್ಲ, ಎರಡೆರಡು ಅಂಗಿ ಮಾತ್ರ. ‘ಥ್ರೆಡ್‌ಲೆಸ್’ ಎಂಬ ಹೆಸರಿನ ಈ ಅಂಗಡಿ ಮುಂದೆ ಪ್ರಸಿದ್ಧವಾಯಿತು. ಆದರೆ ಸ್ವತಂತ್ರ ವಿನ್ಯಾಸಕಾರರ ಕಥೆಯಲ್ಲಿ ಅದರ ಪ್ರಸಿದ್ಧಿಗಿಂತ ಆ 24 ಎಂಬ ಅಂಕೆಯೇ ಹೆಚ್ಚು ಮುಖ್ಯ.

ಯಾಕೆಂದರೆ ಅಂಗಿಯ ಮೇಲೆ ಚಿತ್ರ ಅಚ್ಚು ಹಾಕುವ ಕಸುಬು ಬಹುಕಾಲ ಡಜನ್ ಲೆಕ್ಕದಲ್ಲೇ ನಡೆದು ಬಂದದ್ದು. ಮದುವೆಯ ಕರೆಯೋಲೆ ಮಾಡಿಸಲು ಬೆಂಗಳೂರಿನ ಸುಲ್ತಾನಪೇಟೆಯ ಅಂಗಡಿಗಳನ್ನು ಹತ್ತಿ ಇಳಿದವರಿಗೆ ಸ್ಕ್ರೀನ್ ಪ್ರಿಂಟಿಂಗ್ ಹೊಸ ಮಾತಲ್ಲ. ಚೌಕಟ್ಟಿಗೆ ಬಿಗಿದ ತೆಳುವಾದ ಬಲೆಬಟ್ಟೆ, ಅದರ ಮೇಲೆ ಬೆಳಕು ತಾಗಿದರೆ ಗಟ್ಟಿಯಾಗುವ ರಾಸಾಯನಿಕದ ಲೇಪ. ಚಿತ್ರವಿರುವ ಕಡೆ ಮಾತ್ರ ಬಲೆಯ ಕಣ್ಣು ತೆರೆದುಕೊಳ್ಳುವಂತೆ ತೊಳೆದು, ಮೇಲೆ ಶಾಯಿ ಹಾಕಿ ರಬ್ಬರಿನ ಪಟ್ಟಿಯಿಂದ ಎಳೆದರೆ ಕೆಳಗಿನ ಕಾಗದಕ್ಕೋ ಬಟ್ಟೆಗೋ ಅಚ್ಚು ಬೀಳುತ್ತದೆ. ಬಣ್ಣಕ್ಕೊಂದು ಚೌಕಟ್ಟು ಬೇಕು. ನಾಲ್ಕು ಬಣ್ಣದ ಚಿತ್ರವಾದರೆ ನಾಲ್ಕು ಚೌಕಟ್ಟು. ಖರ್ಚು, ಶ್ರಮವೆಲ್ಲ ಈ ಸಿದ್ಧತೆಯದೇ. ಒಮ್ಮೆ ಸಿದ್ಧವಾದ ಮೇಲೆ ಒಂದು ಅಂಗಿ ತೆಗೆದರೂ ಅಷ್ಟೆ, ನೂರು ತೆಗೆದರೂ ಅಷ್ಟೆ. ಆದ್ದರಿಂದಲೇ ಯಾವ ಪ್ರೆಸ್ಸಿನವನೂ ಒಂದೇ ಒಂದು ಅಂಗಿಯ ಕೆಲಸವನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತಿರಲಿಲ್ಲ.

ಇನ್ನು ಈ ಟೀ ಶರ್ಟೋ, ಮೂಲದಲ್ಲಿ ನಮ್ಮ ಬನಿಯನ್ನಿನ ಸೋದರಸಂಬಂಧಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ನೌಕಾಪಡೆಯವರು ಸಮವಸ್ತ್ರದ ಒಳಗೆ ತೊಡುತ್ತಿದ್ದ ಅರೆತೋಳಿನ ಒಳ ಅಂಗಿ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆಗೆ ಮರಳಿದ ಸೈನಿಕರು ಅದನ್ನು ಹೊರಗೂ ತೊಡತೊಡಗಿದರು. 1951ರ ಒಂದು ಚಿತ್ರದಲ್ಲಿ ಮಾರ್ಲನ್ ಬ್ರಾಂಡೊ ಅದನ್ನು ತೊಟ್ಟು ಬಂದ ಮೇಲಂತೂ ಒಳ ಉಡುಪೆಂಬ ಸಂಕೋಚ ಕಳೆಯಿತು. ಎದೆಯ ಮೇಲೆ ಮಾತು ಬರೆಸುವ ಅಭ್ಯಾಸ ಅದಕ್ಕೂ ಹಳೆಯದು. 1948ರ ಅಧ್ಯಕ್ಷ ಚುನಾವಣೆಯಲ್ಲಿ ಥಾಮಸ್ ಡ್ಯೂಯಿ ಪರ ಪ್ರಚಾರಕ್ಕೆಂದು ಮಾಡಿಸಿದ ಅಂಗಿಯೊಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆ ಚುನಾವಣೆಯಲ್ಲಿ ಡ್ಯೂಯಿ ಸೋತರು, ಅಂಗಿ ಉಳಿಯಿತು.

ಪಕ್ಷಗಳಿಗೆ, ಕಂಪೆನಿಗಳಿಗೆ, ಸಂಗೀತದ ತಂಡಗಳಿಗೆ ನೂರು ಸಾವಿರ ಲೆಕ್ಕದಲ್ಲಿ ಅಂಗಿ ಮಾಡಿಸುವುದು ಕಷ್ಟವಲ್ಲ. ಕಷ್ಟವಿದ್ದದ್ದು ಒಬ್ಬಂಟಿ ಚಿತ್ರಕಾರನಿಗೆ. ತನ್ನ ಚಿತ್ರ ಹತ್ತು ಜನಕ್ಕೆ ಹಿಡಿಸೀತೆಂದು ನಂಬಿ ಅವನು ಅಂಗಿ ಮಾಡಿಸಬೇಕಿತ್ತು. ಅದೂ ಸಣ್ಣ, ನಡುವಣ, ದೊಡ್ಡ ಅಳತೆಗಳಲ್ಲಿ, ಕಪ್ಪು ಬಿಳುಪು ಎರಡರಲ್ಲೂ. ಅಳತೆ ಬಣ್ಣಗಳ ಈ ಗುಣಾಕಾರವೇ ಅನೇಕ ಸಣ್ಣ ವ್ಯಾಪಾರಗಳನ್ನು ಮುಳುಗಿಸಿತು. ಕೇಳಿದ ಅಳತೆ ಖಾಲಿ, ಕೇಳದ ಅಳತೆ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ.

ಥ್ರೆಡ್‌ಲೆಸ್ ಕಂಡುಕೊಂಡ ಉಪಾಯ ಸರಳವಾದದ್ದು. ಮಾಡಿಸುವ ಮೊದಲೇ ಕೊಳ್ಳುವವರನ್ನು ಕೇಳಿಬಿಡುವುದು. ಬಂದ ಚಿತ್ರವನ್ನು ಏಳು ದಿನ ಪ್ರದರ್ಶಿಸಿ, ಸೊನ್ನೆಯಿಂದ ಐದರವರೆಗೆ ಅಂಕ ಕೊಡಲು ಜನರಿಗೇ ಬಿಡಲಾಗುತ್ತಿತ್ತು. ಹೆಚ್ಚು ಅಂಕ ಪಡೆದದ್ದು ಅಚ್ಚಿಗೆ ಹೋಗುತ್ತಿತ್ತು. ಬಹುಮಾನ ಎರಡು ಅಂಗಿಯಿಂದ ನೂರು ಡಾಲರಿಗೆ, ಅಲ್ಲಿಂದ ಕೆಲವೇ ವರ್ಷಗಳಲ್ಲಿ 2,000 ಡಾಲರಿಗೆ ಏರಿತು. 2006ರ ಹೊತ್ತಿಗೆ ಕಂಪೆನಿಯ ವಾರ್ಷಿಕ ಮಾರಾಟ ಸುಮಾರು 1 ಕೋಟಿ 80 ಲಕ್ಷ ಡಾಲರ್. ಅದೇ ವರ್ಷ ಜೆಫ್ ಹೋವ್ ಎಂಬ ಪತ್ರಕರ್ತ, ಜನಸಮೂಹದಿಂದಲೇ ಕೆಲಸ ಮಾಡಿಸಿಕೊಳ್ಳುವ ಇಂಥ ಪದ್ಧತಿಗೆ ‘ಕ್ರೌಡ್‌ಸೋರ್ಸಿಂಗ್’ ಎಂಬ ಹೆಸರಿಟ್ಟರು. ವ್ಯಾಪಾರ ಶಾಸ್ತ್ರದ ಪಾಠಗಳಲ್ಲಿ ಥ್ರೆಡ್‌ಲೆಸ್ ಉದಾಹರಣೆಯಾಗಿ ಸೇರಿಕೊಂಡಿತು.

ಆದರೆ ಇದರಿಂದ ಅನುಕೂಲವಾದದ್ದು ಗೆದ್ದವರಿಗೆ. ಸೋತ ನೂರಾರು ಚಿತ್ರಗಳ ಗತಿಯೇನು? ಅವಕ್ಕೂ ಹತ್ತಿಪ್ಪತ್ತು ಗಿರಾಕಿಗಳಿದ್ದರು. ಆ ಹತ್ತಿಪ್ಪತ್ತು ಜನರಿಗಾಗಿ ಚೌಕಟ್ಟು ಕಟ್ಟುವವರು ಇರಲಿಲ್ಲ, ಅಷ್ಟೆ.

ಇದಕ್ಕೆ ಉತ್ತರ ಬೇರೆ ದಿಕ್ಕಿನಿಂದ ಬಂತು. 1999ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಫ್ರೆಡ್ ಡರಮ್ ಮತ್ತು ಮಹೀಶ್ ಜೈನ್ ಆರಂಭಿಸಿದ ‘ಕೆಫೆಪ್ರೆಸ್’ ಆರ್ಡರು ಬಂದ ಮೇಲೆಯೇ ಅಂಗಿ ಮಾಡುವ ಪದ್ಧತಿ ತಂದಿತು. ಚಿತ್ರವನ್ನು ವಿಶೇಷ ಕಾಗದದ ಮೇಲೆ ಮುದ್ರಿಸಿ, ಕಾಯಿಸಿದ ಒತ್ತುಯಂತ್ರದಿಂದ ಬಟ್ಟೆಗೆ ಇಳಿಸುವ ವಿಧಾನದಲ್ಲಿ ಒಂದೇ ಅಂಗಿ ಮಾಡುವುದೂ ಸಾಧ್ಯವಿತ್ತು. ಆದರೆ ಅಂಥ ಅಚ್ಚು ಎದೆಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದಂತೆ ಕಾಣುವುದುಂಟು, ಹಲವು ಒಗೆತದ ಮೇಲೆ ಬಿರಿಯುವುದೂ ಉಂಟು. ನಿಜವಾದ ಬದಲಾವಣೆ ಬಂದದ್ದು ಬಟ್ಟೆಯ ಮೇಲೆಯೇ ನೇರವಾಗಿ ಮುದ್ರಿಸುವ ಯಂತ್ರಗಳಿಂದ. ತತ್ತ್ವ ಮನೆ, ಕಚೇರಿಗಳ ಇಂಕ್‌ಜೆಟ್ ಪ್ರಿಂಟರಿನದೇ. ಗಾಢ ಬಣ್ಣದ ಬಟ್ಟೆಯಾದರೆ ಮೊದಲು ಒಂದು ದ್ರಾವಣ ಸಿಂಪಡಿಸಿ, ಅದರ ಮೇಲೆ ಬಿಳಿ ಶಾಯಿಯ ತಳ ಹಾಸಿ, ಆಮೇಲೆ ಬಣ್ಣಗಳನ್ನು ಮುದ್ರಿಸಿ ಬಿಸಿಯಲ್ಲಿ ಒಣಗಿಸುತ್ತಾರೆ. 2002ರಲ್ಲಿ ಇಸ್ರೇಲಿನಲ್ಲಿ ಸ್ಥಾಪನೆಯಾದ ‘ಕಾರ್ನಿಟ್’ನಂಥ ಕಂಪೆನಿಗಳು ಈ ಯಂತ್ರವನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದವು. ಚೌಕಟ್ಟಿಲ್ಲ, ಡಜನ್ ಲೆಕ್ಕವಿಲ್ಲ. 24 ಎಂಬ ಅಂಕೆ 1ಕ್ಕೆ ಇಳಿಯಿತು.

ಆಮೇಲೆ ಅಂಗಡಿಗಳು ಅಣಬೆಗಳಂತೆ ಎದ್ದವು. 2006ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ‘ರೆಡ್‌ಬಬಲ್’ ಹುಟ್ಟಿತು. 2015ರಲ್ಲಿ ಅಮೆಜಾನ್ ಕೂಡ ಈ ಕಣಕ್ಕೆ ಇಳಿಯಿತು. ಸ್ವತಃ ಥ್ರೆಡ್‌ಲೆಸ್ 2014ರಲ್ಲಿ ಶಿಕಾಗೊದ ಮಳಿಗೆಯನ್ನು ಮುಚ್ಚಿ, ನೌಕರರನ್ನು ಕಡಿಮೆ ಮಾಡಿ, ಮರುವರ್ಷ ಕಲಾವಿದರು ತಮ್ಮದೇ ಹೆಸರಿನ ಅಂಗಡಿ ತೆರೆಯುವ ಏರ್ಪಾಡು ಮಾಡಿಕೊಟ್ಟಿತು. ವಿನ್ಯಾಸಕಾರ ಚಿತ್ರವನ್ನು ಏರಿಸಿದರೆ ಸಾಕು. ಬಟ್ಟೆ, ಮುದ್ರಣ, ಹಣ ವಸೂಲಿ, ಅಂಚೆ ಎಲ್ಲವೂ ಕಂಪೆನಿಯ ಹೊಣೆ. ಕಂಪೆನಿ ಒಂದು ಮೂಲಬೆಲೆ ಹೇಳುತ್ತದೆ, ಅದರ ಮೇಲೆ ತನ್ನ ಪಾಲೆಷ್ಟೆಂದು ಚಿತ್ರಕಾರ ಸೇರಿಸುತ್ತಾನೆ. ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ ಮಾಯವಾಯಿತು.

ಮಾಯವಾದದ್ದು ಪೆಟ್ಟಿಗೆಯೊಂದೇ ಅಲ್ಲವೆಂಬುದು ತಡವಾಗಿ ತಿಳಿಯಿತು. ಅಂಗಿ ಮಾಡಿಸಲು ಮುಂಗಡ ಹಣ ಬೇಕೆಂಬ ಕಟ್ಟಳೆ ಚಿತ್ರಕಾರನಿಗೆ ಗೋಡೆಯಾಗಿತ್ತು, ನಿಜ. ಆದರೆ ಅದೇ ಗೋಡೆ ಅವನ ಹೊಲಕ್ಕೆ ಬೇಲಿಯೂ ಆಗಿತ್ತು. ಬೇರೊಬ್ಬರ ಚಿತ್ರವನ್ನು ಕದ್ದು ಮಾರುವವನೂ ಮೊದಲು ಎರಡು ಡಜನ್ ಅಂಗಿಗೆ ಹಣ ಸುರಿಯಬೇಕಿತ್ತು, ಮಾರಿ ಹೋಗದಿದ್ದರೆ ಕೈ ಸುಟ್ಟುಕೊಳ್ಳಬೇಕಿತ್ತು. ಈಗ ಅವನಿಗೂ ಖರ್ಚಿಲ್ಲ.

ಈ ಸೌಲಭ್ಯದ ವಿಕಾರ ಎಲ್ಲಿಗೆ ಮುಟ್ಟಬಹುದೆಂಬುದು 2013ರಲ್ಲಿ ಕಂಡಿತು. ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ, 1939ರಲ್ಲಿ, ಬ್ರಿಟಿಷ್ ಸರಕಾರ ಜನರಿಗೆ ಧೈರ್ಯ ಹೇಳಲು ಒಂದು ಭಿತ್ತಿಪತ್ರ ಅಚ್ಚು ಹಾಕಿಸಿತ್ತು. ಶಾಂತರಾಗಿರಿ, ಕೆಲಸ ಮುಂದುವರಿಸಿ ಎಂಬರ್ಥದ ಆ ಪತ್ರದ ಪ್ರತಿಗಳಲ್ಲಿ ಹೆಚ್ಚಿನವು ಗೋಡೆಯನ್ನೇ ಕಾಣಲಿಲ್ಲ. 2000ರಲ್ಲಿ ಇಂಗ್ಲೆಂಡಿನ ಆನಿಕ್ ಊರಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕಿ, ಅದರ ನಕಲುಗಳೂ ಅಣಕಗಳೂ ಜಗತ್ತಿಗೆಲ್ಲ ಹರಡಿದವು. ‘ಸಾಲಿಡ್ ಗೋಲ್ಡ್ ಬಾಂಬ್’ ಎಂಬ ಟೀ ಶರ್ಟ್ ಕಂಪೆನಿ ಇದೇ ವಾಕ್ಯದ ಅಚ್ಚಿನಲ್ಲಿ ನಿಘಂಟಿನ ಪದಗಳನ್ನು ಬದಲಿಸುತ್ತಾ ಹೋಗುವಂತೆ ಕಂಪ್ಯೂಟರಿಗೆ ಆದೇಶ ಕೊಟ್ಟಿತ್ತು. ಮನುಷ್ಯರ ಕಣ್ಣಿಗೆ ಬೀಳದೆಯೇ ಲಕ್ಷಗಟ್ಟಲೆ ಅಂಗಿಗಳು ಅಮೆಜಾನಿನಲ್ಲಿ ಮಾರಾಟಕ್ಕೆ ಕುಳಿತವು. ಅವುಗಳ ನಡುವೆ ಅತ್ಯಾಚಾರಕ್ಕೆ ಪ್ರೇರೇಪಿಸುವಂಥ ವಾಕ್ಯವೂ ಇತ್ತು. ಜನ ಕೆರಳಿದರು, ಅಮೆಜಾನ್ ಅಂಗಡಿಯನ್ನು ತೆಗೆದುಹಾಕಿತು, ಕೆಲವೇ ತಿಂಗಳಲ್ಲಿ ಕಂಪೆನಿ ಬಾಗಿಲು ಮುಚ್ಚಿತು. ಯಾರೂ ಹೊಲಿಯದ, ಯಾರೂ ತೊಡದ ಅಂಗಿಯೊಂದು ವ್ಯಾಪಾರವನ್ನು ಮುಳುಗಿಸಿದ್ದು ಬಹುಶಃ ಅದೇ ಮೊದಲು.

ಚಿತ್ರಕಾರರಿಗೆ ಹೆಚ್ಚು ಹತ್ತಿರದ್ದು 2019ರ ಡಿಸೆಂಬರಿನ ಪ್ರಸಂಗ. ಆಗ ಟ್ವಿಟ್ಟರ್ ಎಂಬ ಹೆಸರಿದ್ದ ತಾಣದಲ್ಲಿ ಕಲಾವಿದರು ತಮ್ಮ ಚಿತ್ರ ಹಾಕಿದಾಗ, ಅಭಿಮಾನಿಗಳು ಇದನ್ನು ಅಂಗಿಯ ಮೇಲೆ ಹಾಕಿ ಕೊಡಿ ಎಂದು ಕೇಳುವುದು ಸಾಮಾನ್ಯ. ಹಾಗೆ ಕೇಳಿದ ಮರುಕ್ಷಣವೇ ಎಲ್ಲಿಯದೋ ಅಂಗಡಿಗಳಲ್ಲಿ ಆ ಚಿತ್ರದ ಅಂಗಿ ಮಾರಾಟಕ್ಕೆ ಬರುತ್ತಿತ್ತು. ಬೇಡಿಕೆಯ ಮಾತನ್ನು ಹಿಡಿದು ಚಿತ್ರವನ್ನು ಎತ್ತಿಕೊಂಡು ಹೋಗುವ ಕೆಲಸ ಸ್ವಯಂಚಾಲಿತ ತಂತ್ರಾಂಶಗಳದು. ಅನುಮಾನ ಬಂದ ಕಲಾವಿದರು ಒಂದು ಬಲೆ ಒಡ್ಡಿದರು. ಮಿಕ್ಕಿ ಇಲಿಯ ಚಿತ್ರ ಬರೆದು, ತಾವು ಹಕ್ಕುಸ್ವಾಮ್ಯ ಉಲ್ಲಂಘಿಸಿದ್ದೇವೆ, ಡಿಸ್ನಿ ಕಂಪೆನಿ ತಮ್ಮ ಮೇಲೆ ದಾವೆ ಹೂಡಲಿ ಎಂಬ ಅರ್ಥದ ಬರಹವನ್ನೂ ಅದರಲ್ಲೇ ಸೇರಿಸಿದರು. ಗೆಳೆಯರೆಲ್ಲ ಅಂಗಿ ಬೇಕು, ಅಂಗಿ ಬೇಕು ಎಂದು ಕೂಗಿದರು. ತಂತ್ರಾಂಶಕ್ಕೆ ಓದು ಬರಹ ತಿಳಿಯದು. ತಪ್ಪೊಪ್ಪಿಗೆಯ ಸಮೇತ ಚಿತ್ರವನ್ನು ಕದ್ದು ಮಾರಾಟಕ್ಕಿಟ್ಟಿತು.

ನಗು ಬರುವ ಕಥೆಯೇನೋ ಹೌದು. ಆದರೆ ಡಿಸ್ನಿಯ ಹಿಂದೆ ವಕೀಲರ ದಂಡಿದೆ, ಒಬ್ಬಂಟಿ ವಿನ್ಯಾಸಕಾರನ ಹಿಂದೆ ಯಾರಿದ್ದಾರೆ? ದೂರು ಕೊಟ್ಟರೆ ಕದ್ದ ಚಿತ್ರವನ್ನು ಇಳಿಸುತ್ತಾರೆ. ಅದೇ ಚಿತ್ರ ಇನ್ನೊಂದು ಹೆಸರಿನಲ್ಲಿ ಮತ್ತೆ ಏರಲು ಅಡ್ಡಿಯಿಲ್ಲ. ದೊಡ್ಡವರಿಗೂ ನ್ಯಾಯಾಲಯದಲ್ಲಿ ಸಿಗುವುದು ಅಷ್ಟಕ್ಕಷ್ಟೆ. ಪೊಕೆಮಾನ್ ಕಂಪೆನಿ ರೆಡ್‌ಬಬಲ್ ಮೇಲೆ ಹೂಡಿದ ದಾವೆಯಲ್ಲಿ ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯ 2017ರಲ್ಲಿ ಉಲ್ಲಂಘನೆ ಆಗಿದೆಯೆಂದು ಒಪ್ಪಿತು. ಕೊಡಿಸಿದ ಪರಿಹಾರ ಒಂದು ಡಾಲರ್.

ಭಾರತದಲ್ಲಿ ತೊಡಕು ಇನ್ನೊಂದು ಬಗೆಯದು. 1957ರ ಕೃತಿಸ್ವಾಮ್ಯ ಕಾಯಿದೆಯ 15ನೇ ಕಲಮಿನ ಪ್ರಕಾರ, ವಿನ್ಯಾಸ ಕಾಯಿದೆಯಡಿ ನೋಂದಾಯಿಸಬಹುದಾಗಿದ್ದರೂ ನೋಂದಾಯಿಸದ ವಿನ್ಯಾಸವನ್ನು ಹೊತ್ತ ವಸ್ತು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಾದರೆ ಆ ವಿನ್ಯಾಸದ ಕೃತಿಸ್ವಾಮ್ಯ ಅಳಿದುಹೋಗುತ್ತದೆ. ಗೋಡೆಗೆ ತೂಗುಹಾಕುವ ಚಿತ್ರವನ್ನು ಕಲೆಯೆಂದೂ, ಬಟ್ಟೆಗೆಂದೇ ಬರೆದದ್ದನ್ನು ಕೈಗಾರಿಕೆಯ ವಿನ್ಯಾಸವೆಂದೂ ಬೇರ್ಪಡಿಸುವ ಗೆರೆ ಎಲ್ಲಿದೆಯೆಂಬ ಬಗ್ಗೆ ನ್ಯಾಯಾಲಯಗಳು ಬಹಳ ಚರ್ಚಿಸಿವೆ. ಸೋಫಾ ಬಟ್ಟೆಯ ಚಿತ್ತಾರಗಳ ಕುರಿತ ಮೈಕ್ರೋಫೈಬರ್ಸ್ ಪ್ರಕರಣದಲ್ಲಿ 2009ರಲ್ಲಿ ದೆಹಲಿ ಹೈಕೋರ್ಟ್, ನೋಂದಾಯಿಸದ ಕಂಪೆನಿಗೆ ರಕ್ಷಣೆ ಇಲ್ಲವೆಂದೇ ಹೇಳಿತು. ನೋಂದಾಯಿಸಿದರೆ ಹತ್ತು ವರ್ಷ, ಮುಂದುವರಿಸಿದರೆ ಇನ್ನೈದು ವರ್ಷ ರಕ್ಷಣೆ ಇದೆ. ಆದರೆ ವಿನ್ಯಾಸ ಹೊರಬೀಳುವ ಮೊದಲೇ ಅರ್ಜಿ ಸಲ್ಲಿಸಬೇಕು. ವಾರಕ್ಕೊಂದು ಹೊಸ ಚಿತ್ರ ಹಾಕುವ ಸಣ್ಣ ಅಂಗಡಿಗೆ ಇದು ನಡೆಯುವ ಮಾತೇ? 50ನೇ ಅಂಗಿ ಮಾರಿದಾಗ ಸಂಭ್ರಮಪಡುವ ಚಿತ್ರಕಾರನಿಗೆ, 51ನೆಯದರೊಂದಿಗೆ ತನ್ನ ಹಕ್ಕೇ ಪ್ರಶ್ನೆಗೆ ಒಳಗಾದೀತೆಂಬುದು ಗೊತ್ತಿರುವ ಸಂಭವ ಕಡಿಮೆ.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಇಂದು ಬಟ್ಟೆಬರೆಯ ದೊಡ್ಡ ಆನ್‌ಲೈನ್ ಅಂಗಡಿಯಾಗಿರುವ ‘ಮಿಂತ್ರ’ 2007ರಲ್ಲಿ ಇಲ್ಲಿ ಆರಂಭವಾದದ್ದು ಗಿರಾಕಿ ಕೇಳಿದ ಚಿತ್ರ, ಹೆಸರುಗಳನ್ನು ಟೀ ಶರ್ಟು, ಕಾಫಿ ಲೋಟಗಳ ಮೇಲೆ ಅಚ್ಚು ಹಾಕಿ ಕೊಡುವ ವ್ಯಾಪಾರವಾಗಿ. ಮೂರು ವರ್ಷದಲ್ಲಿ ಅದು ಆ ದಾರಿ ಬಿಟ್ಟು ಸಿದ್ಧ ಉಡುಪುಗಳತ್ತ ಹೊರಳಿತು. ಬಿಟ್ಟ ಜಾಗವನ್ನು ಸಣ್ಣವರು ತುಂಬಿದರು. ಅವರಲ್ಲಿ ಕನ್ನಡದ ಅಕ್ಷರ, ಗಾದೆ, ಹರಟೆಯ ಮಾತುಗಳನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ.

ಕನ್ನಡದ ಅಂಗಿ ಮಾಡುವವರಿಗೆ ಇಂಗ್ಲಿಷಿನವರಿಗಿಲ್ಲದ ಒಂದು ಪೀಡೆಯಿದೆ. ಪಶ್ಚಿಮದ ಲಿಪಿಗಳಿಗೆಂದು ರೂಪಿಸಿದ ವಿನ್ಯಾಸ ತಂತ್ರಾಂಶಗಳಲ್ಲಿ ಕನ್ನಡ ಬೆರಳಚ್ಚಿಸಿದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ಜಾರುವುದು, ಗುಣಿತ ಬಿಡಿಬಿಡಿಯಾಗಿ ನಿಲ್ಲುವುದು ಹಳೆಯ ತೊಂದರೆ. ಹೀಗಾಗಿ ಅಕ್ಷರವನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಮಾಡಿ ಕಳಿಸುವುದೇ ಕ್ಷೇಮ. ಕೈಯಲ್ಲೇ ಬರೆದು ಸ್ಕ್ಯಾನ್ ಮಾಡುವವರೂ ಉಂಟು. ಎದೆಯ ಮೇಲಿನ ಕನ್ನಡ ಹಲವು ಕಡೆ ಕೈಬರಹದ ಸೊಗಸಿನಲ್ಲಿ ಕಾಣುವುದಕ್ಕೆ ಈ ಅನಿವಾರ್ಯವೂ ಒಂದು ಕಾರಣವಿರಬೇಕು.

ಇವರ ಸುಗ್ಗಿ ನವೆಂಬರ್. ರಾಜ್ಯೋತ್ಸವಕ್ಕೆ ಕಚೇರಿಗಳು, ಕಾಲೇಜುಗಳು, ಅಪಾರ್ಟ್‌ಮೆಂಟ್ ಸಂಘಗಳು ಹಳದಿ ಕೆಂಪಿನ ಅಂಗಿಗಳನ್ನು ನೂರರ ಲೆಕ್ಕದಲ್ಲಿ ಕೇಳುತ್ತವೆ. ಡಿಜಿಟಲ್ ಯಂತ್ರಕ್ಕೆ ಒಂದು ಅಂಗಿಯಾದರೂ ನೂರಾದರೂ ತಲಾ ಖರ್ಚು ಹೆಚ್ಚುಕಡಿಮೆ ಒಂದೇ. ಸ್ಕ್ರೀನಿನಲ್ಲಿ ಸಂಖ್ಯೆ ಏರಿದಂತೆ ಖರ್ಚು ಇಳಿಯುತ್ತದೆ. ಆದ್ದರಿಂದ ಅಕ್ಟೋಬರ್ ಮುಗಿಯುವ ಹೊತ್ತಿಗೆ ಈ ಚಿತ್ರಗಳು ಮತ್ತೆ ಹಳೆಯ ಸ್ಕ್ರೀನ್ ಪ್ರಿಂಟಿಂಗಿನವರ ಬಳಿಗೇ ಹೋಗುತ್ತವೆ. ಹಳದಿಗೊಂದು, ಕೆಂಪಿಗೊಂದು ಚೌಕಟ್ಟು ಕಟ್ಟಿಕೊಂಡು ಅವರು ರಾತ್ರಿಯೆಲ್ಲ ಶಾಯಿ ಎಳೆಯುತ್ತಾರೆ.