ಗುಡ್ಡ ಯಾರದು? ಕುಸನೂರು ಸತ್ಯಾಗ್ರಹದ ಕತೆ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಸಂದರ್ಭದಲ್ಲಿ ಸಂಘದ ಲೆಕ್ಕಪತ್ರ, ಕಟ್ಟಡ, ಠೇವಣಿಗಳ ವಿಷಯ ಬೇರೆ ಪುಟಗಳಲ್ಲಿ ಬಂದಿದೆ. ನಾವು ಇಲ್ಲಿ ಹೇಳಹೊರಟಿದ್ದು ಸಂಘ ಹುಟ್ಟುವ ಮೊದಲಿನ ಮಾತು. ಸಂಘಕ್ಕೆ ಹಾಲು ಹಾಕುವ ಸದಸ್ಯರ ದನ ಮೇಯುವ ಗುಡ್ಡದ ಮಾತು.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಇದರಲ್ಲಿ ರಾಜ್ಯ ಸರ್ಕಾರವೂ, ತುಂಗಭದ್ರಾ ದಂಡೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಪಾಲುದಾರರು. ಕಾರ್ಖಾನೆಗೆ ಬೇಕಾದ ನೀಲಗಿರಿ ಮುಂತಾದ ಮರ ಬೆಳೆಯಲು ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆ ಭೂಮಿಯನ್ನು ಗುತ್ತಿಗೆ ಕೊಡುವುದೆಂದು ಠರಾವಾಯಿತು.

ಯಾವ ಭೂಮಿ ಇದು? ಸರ್ಕಾರಿ ಕಾಗದದಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯದು, ಅಂದರೆ ಗಿಡ ವಿರಳವಾದ ಪಾಳು ಜಮೀನು. ಊರವರ ಪಾಲಿಗೆ ಅದು ಪಾಳಲ್ಲ. ದನ ಕುರಿ ಮೇಯುವುದು ಅಲ್ಲಿ, ಒಲೆಗೆ ಪುಳ್ಳಿ ತರುವುದು ಅಲ್ಲಿಂದ, ಕುಂಟೆ ಕೂರಿಗೆಗೆ ಕಟಿಗೆಯೂ ಅಲ್ಲಿಯದೇ. ಹೊಲ ಇಲ್ಲದವರಿಗಂತೂ ಅದೇ ಆಸ್ತಿ. ನೀಲಗಿರಿ ಎಲೆಯನ್ನು ಯಾವ ದನವೂ ಮೂಸುವುದಿಲ್ಲ ಎಂಬುದನ್ನು ನಮ್ಮ ಸದಸ್ಯರಿಗೆ ಯಾರೂ ಕಲಿಸಬೇಕಾಗಿಲ್ಲ. ಉತಾರದಲ್ಲಿ ಮಾತ್ರ ‘ಸರ್ಕಾರ’ ಎಂದಿತ್ತು. ಜಗಳದ ಬೇರು ಅಲ್ಲಿಯೇ ಇದ್ದದ್ದು. ಹೆಸರು ಸರ್ಕಾರದ್ದು, ಬಳಕೆ ಊರಿನದು. ಹೆಸರಿದ್ದವರು ಬಳಸುವವರನ್ನು ಕೇಳದೆ ಮೂರನೆಯವರಿಗೆ ಕೊಡಬಹುದೇ?

ಈ ಪ್ರಶ್ನೆಯನ್ನು ಎತ್ತಿ ಹಿಡಿದದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಎಸ್. ಆರ್. ಹಿರೇಮಠರ ಈ ಸಂಸ್ಥೆ ಅದಕ್ಕೂ ಮೊದಲು ತುಂಗಭದ್ರೆಯ ನೀರು ಕೆಡುವುದರ ವಿರುದ್ಧ ದಂಡೆಯ ಊರವರೊಡನೆ ಹೋರಾಡಿತ್ತು. 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರೂ ಇದ್ದರು. ಆಗ ಅವರಿಗೆ 84 ವರ್ಷ. ಆ ವಯಸ್ಸಿನಲ್ಲಿ ಮಂದಿ ಮನೆಯ ವಾಟ್ನಿಯ ಕಾಗದಕ್ಕೇ ಸಹಿ ಮಾಡಲು ಬೇಸರಪಡುತ್ತಾರೆ, ಇವರು ಊರವರ ಗುಡ್ಡಕ್ಕಾಗಿ ಮಾಡಿದರು. ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕು ಪುಳ್ಳಿ ಮೇವಿಗೂ ಸಂಬಂಧಿಸಿದ್ದು ಎಂಬುದು ವಾದದ ತಿರುಳು.

1987ರ ಮಾರ್ಚಿನಲ್ಲಿ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇನ್ನು ಮುಂದೆ ಕಂಪನಿಗೆ ಭೂಮಿ ವರ್ಗಾಯಿಸಬಾರದು ಎಂದಿತು. ಆದರೆ ಅಷ್ಟರೊಳಗೆ ಕೊಟ್ಟಾಗಿದ್ದ ಭೂಮಿಯಲ್ಲಿ ನೀಲಗಿರಿ ನಿಂತೇ ಇತ್ತು. ಕಾಗದಕ್ಕೆ ಗಿಡ ಕೀಳಲು ಬರುವುದಿಲ್ಲವಲ್ಲ!

ಅದಕ್ಕೇ 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಆಗ ಅದು ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ. ಹಚ್ಚುವುದೆಂದರೆ ನಮ್ಮ ಕಡೆ ಗಿಡ ನೆಡುವುದು, ಬೇರೆ ಸೀಮೆಯವರು ಬೆಂಕಿ ಹಚ್ಚುವುದೆಂದು ತಿಳಿದಾರು! ಬಂದವರು ನೀಲಗಿರಿ ಸಸಿಗಳನ್ನು ಕಿತ್ತರು, ಆ ಜಾಗದಲ್ಲಿ ಊರಿಗೆ ಉಪಯೋಗವಾಗುವ ಗಿಡ ಹಚ್ಚಿದರು. ಎಲ್ಲವೂ ಬಹಿರಂಗವಾಗಿ, ಮೊದಲೇ ಹೇಳಿಯೇ. ಬರೀ ಕಿತ್ತಿದ್ದರೆ ಅದನ್ನು ದಾಂಧಲೆ ಎನ್ನಬಹುದಿತ್ತು. ಹಚ್ಚಿದ್ದರಿಂದ ಅದು ಬೇಡಿಕೆಯಾಯಿತು ಎಂಬುದು ನಮ್ಮ ಅಭಿಪ್ರಾಯ.

ಮುಂದೆ ಸಹಿ ಸಂಗ್ರಹ, ಮಂಡಲ ಪಂಚಾಯತಿಗಳ ಠರಾವು, ಶಾಸಕರಿಗೆ ಮನವಿ ಇವೆಲ್ಲ ನಡೆದವು. 1988ರ ರಾಷ್ಟ್ರೀಯ ಅರಣ್ಯ ನೀತಿಯೂ ಸುತ್ತಲಿನ ಜನರ ಉರುವಲು ಮೇವಿನ ಅಗತ್ಯವನ್ನು ಮುಂದಿಟ್ಟು, ಕಾರ್ಖಾನೆಗಳು ತಮ್ಮ ಕಚ್ಚಾಮಾಲನ್ನು ಆದಷ್ಟು ರೈತರ ಜೊತೆ ಸೇರಿ ಬೆಳೆಸಿಕೊಳ್ಳಲಿ ಎಂದಿತು. ಕಡೆಗೆ 1991ರಲ್ಲಿ ಸರ್ಕಾರವೇ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಕೋರ್ಟು ಒಂದರಿಂದಲೇ ಗೆದ್ದೆವು ಎನ್ನುವವರಿದ್ದಾರೆ, ಸತ್ಯಾಗ್ರಹ ಒಂದರಿಂದಲೇ ಎನ್ನುವವರೂ ಇದ್ದಾರೆ. ನಮಗೆ ಎರಡೂ ಅರ್ಧ ಮಾತೆನಿಸುತ್ತದೆ. ತಡೆಯಾಜ್ಞೆ ನಾಲ್ಕು ವರ್ಷ ಸಮಯ ಕೊಟ್ಟಿತು, ಆ ಸಮಯವನ್ನು ಊರವರು ಸುಮ್ಮನೆ ಕೂತು ಕಳೆಯಲಿಲ್ಲ.

ಕಂಪನಿಯಿಂದ ಉಳಿದ ಗುಡ್ಡ ನಮ್ಮಿಂದಲೇ ಉಳಿದಿದೆಯೇ ಎಂಬುದು ಬೇರೆ ಪ್ರಶ್ನೆ. ಅತಿಕ್ರಮಣ ಮಾಡಿದವರು ಹೊರಗಿನಿಂದಲೇ ಬಂದವರಲ್ಲ ಎಂಬುದು ಎಲ್ಲರಿಗೂ ಗೊತ್ತು, ಹೆಸರು ಬೇಡ. 2011ರ ಜನವರಿಯಲ್ಲಿ ಪಂಜಾಬಿನ ಒಂದು ಹಳ್ಳಿಯ ಕೆರೆ ಜಾಗದ ದಾವೆಯಲ್ಲಿ ಸುಪ್ರೀಂ ಕೋರ್ಟು, ಊರಿನ ಸಾರ್ವಜನಿಕ ಭೂಮಿಯ ಅತಿಕ್ರಮಣ ತೆಗೆಸಿ ಊರಿಗೇ ಮರಳಿಸಲು ಎಲ್ಲ ರಾಜ್ಯಗಳಿಗೂ ಹೇಳಿತು. ನಮ್ಮ ರಾಜ್ಯದ ಭೂಕಂದಾಯ ನಿಯಮದಲ್ಲಿ 100 ದನಕ್ಕೆ 12 ಹೆಕ್ಟೇರ್ ಗಾಯರಾಣ ಬಿಡಬೇಕೆಂದು 1966ರಿಂದಲೂ ಇದೆ. ನಮ್ಮೂರಿನ ದನಗಳ ಎಣಿಕೆ, ಗಾಯರಾಣದ ಸರ್ವೆ ನಂಬರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಸಂಘ ಈ ವರ್ಷ ಹಮ್ಮಿಕೊಂಡಿದೆ. ಹಳೆಯ ಉತಾರ, ನಕಾಶೆ ಮನೆಯಲ್ಲಿದ್ದ ಹಿರಿಯರು ದಯವಿಟ್ಟು ಕಾರ್ಯದರ್ಶಿಯವರಿಗೆ ತೋರಿಸಬೇಕು. ನಕಲು ತೆಗೆದು ಅಂದೇ ಮರಳಿ ಕೊಡಲಾಗುವುದು.