ಪೆಟ್ಟಿಗೆಯೊಳಗಿನ ಜೀವ

ಅಮೆರಿಕದ ಅಂಚೆ ಇಲಾಖೆಯು ಒಂದು ದಿನದ ಕೋಳಿಮರಿಗಳನ್ನು 1918ರಿಂದ ಸ್ವೀಕರಿಸುತ್ತ ಬಂದಿದೆ. ಮೊಟ್ಟೆಯ ಹಳದಿಯ ಶೇಷವು ಮರಿಯ ಒಡಲಲ್ಲಿ ಉಳಿದಿರುವುದರಿಂದ ಅದು ಆಹಾರ ನೀರಿಲ್ಲದೆ ಸುಮಾರು 72 ಗಂಟೆ ಬದುಕಬಲ್ಲದು ಎಂಬುದೇ ಇದಕ್ಕೆ ಆಧಾರ. ಬೆಳೆದ ಗೌಜಲಹಕ್ಕಿ, ಲಾವಕ್ಕಿಗಳಿಗೆ ಈ ಆಸರೆಯಿಲ್ಲ. ಆದರೂ ಗಾಳಿಯಾಡುವ ನಿಗದಿತ ಪೆಟ್ಟಿಗೆಯಲ್ಲಿ ಅವೂ ಅಲ್ಲಿ ಅಂಚೆಯೇರುತ್ತವೆ.

ನಮ್ಮ ದೇಶದ 1898ರ ಅಂಚೆ ಅಧಿನಿಯಮವು ಇತರ ಟಪಾಲಿಗಾಗಲಿ ನೌಕರರಿಗಾಗಲಿ ಅಪಾಯ ತರಬಹುದಾದ ಜೀವಿಯನ್ನು ಅಂಚೆಯಲ್ಲಿ ಕಳುಹಿಸಬಾರದೆಂದು ವಿಧಿಸಿತ್ತು. ಕಾಗದಕ್ಕೆ ರಕ್ಷಣೆ ದೊರೆಯಿತು. ಪೆಟ್ಟಿಗೆಯೊಳಗಿನ ಜೀವದ ನೋವಿನ ಮಾತು ಆ ಕಲಮಿನಲ್ಲಿರಲಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದನ್ನು ಹೇಳಿದ್ದಾರೆ. ವಧವೆಂದರೆ ಇಲ್ಲಿ ಕೊಲೆಯಲ್ಲ, ಕೋಲು ಚಾವಟಿಗಳ ಹೊಡೆತವೆಂದು ಕರ್ನಾಟಕದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದರು. ಅಂದರೆ ಐದೂ ದೋಷಗಳು ಪ್ರಾಣ ಉಳಿದಿರುವಾಗಲೇ ಘಟಿಸತಕ್ಕವು! ಹಕ್ಕಿ ಜೀವಂತವಾಗಿ ತಲಪಿತೆಂದರೆ ವರ್ತಕನ ಲೆಕ್ಕ ಸರಿಹೋಗುತ್ತದೆ. ಆದರೆ ದಾರಿಯುದ್ದಕ್ಕೂ ನಡೆದ ಬಂಧವೂ ಅನ್ನಪಾನನಿರೋಧವೂ ಶ್ರಾವಕನ ಲೆಕ್ಕದಲ್ಲಿ ಉಳಿದೇ ಇರುತ್ತವೆ.

ಸ್ವತಂತ್ರ ಭಾರತದ ಕಾನೂನು ಈ ದಿಕ್ಕಿನಲ್ಲಿ ನಿಧಾನವಾಗಿ ನಡೆದಿದೆ. ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದಂತೆ ಅಪರಾಧ. ಕಾಡಿನ ಗೌಜಲು, ಲಾವಕ್ಕಿಗಳನ್ನು ಹಿಡಿಯುವುದೂ ಮಾರುವುದೂ ವನ್ಯಜೀವಿ ಕಾನೂನಿನಡಿ ನಿಷಿದ್ಧ. 1978ರ ಪ್ರಾಣಿ ಸಾಗಣೆ ನಿಯಮಗಳಿಗೆ 2001ರಲ್ಲಷ್ಟೇ ಸಾಕುಹಕ್ಕಿಗಳ ಅಧ್ಯಾಯ ಸೇರಿತು. ಬಿಸಿಲು ಮಳೆಗೆ ಒಡ್ಡಬಾರದು, ಹೊರಡುವ ಮುನ್ನ ಮೇವು ನೀರು ಕೊಡಬೇಕು, ಬೇಸಿಗೆಯಲ್ಲಿ ಪ್ರತಿ ಆರು ಗಂಟೆಗೊಮ್ಮೆ ನೀರುಣಿಸಬೇಕು ಎಂಬ ಕಟ್ಟಳೆಗಳು ಅದರಲ್ಲಿವೆ.