ಅಶ್ವಸಜ್ಜಿಕೆಯ ತೊಗಲು: ಹುನಗುಂದ ಸೀಮೆ ಮತ್ತು ಮಳೆಯ ದಾರಿ

ಕರ್ನಾಟಕದ ಅಶ್ವವ್ಯಾಪಾರವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕುದುರೆಯ ತಳಿ, ಬೆಲೆ ಮತ್ತು ಬಂದರುಗಳ ಸುತ್ತಲೇ ನಡೆದಿವೆ. ಕುದುರೆಯನ್ನು ಸವಾರನ ಕೈಗೆ ಒಪ್ಪಿಸುತ್ತಿದ್ದ ತೊಗಲಿನ ಪಟ್ಟಿಗಳತ್ತ ಗಮನ ಹರಿದದ್ದು ಕಡಮೆ. ಹಲ್ಲಣ, ಕಡಿವಾಣ, ವಾಘೆ, ಅಂಕವಣೆ, ಹಕ್ಕರಿಕೆ ಮೊದಲಾದ ಶಬ್ದಗಳು ಹಳಗನ್ನಡ, ನಡುಗನ್ನಡ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಪದೇ ಪದೇ ಬರುತ್ತವೆ. ಇಷ್ಟೊಂದು ಬಿಡಿಭಾಗಗಳಿಗೆ ಬೇರೆ ಬೇರೆ ಹೆಸರಿರುವುದೇ ಅವುಗಳ ಹಿಂದೆ ಬೆಳೆದ ಕಸುಬೊಂದಿತ್ತೆಂಬುದನ್ನು ಸೂಚಿಸುತ್ತದೆ.

ಹುನಗುಂದ ತಾಲೂಕಿನ ಐಹೊಳೆ ಈ ವಿಚಾರಕ್ಕೆ ಸಹಜವಾದ ನೆಲೆ. ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘ ಇಲ್ಲಿಂದಲೇ ಹೆಸರು ಪಡೆಯಿತು; ಅದರ ಶಾಸನಗಳು ತಮಿಳುನಾಡು ಮತ್ತು ಸಿಂಹಳದವರೆಗೂ ಹರಡಿವೆ. ಸಂಘದ ಸರಕುಗಳಲ್ಲಿ ಕುದುರೆಗೆ ಮಹತ್ತ್ವದ ಸ್ಥಾನವಿತ್ತು. ವಿಜಯನಗರದ ಕಾಲಕ್ಕೆ ಈ ವ್ಯಾಪಾರ ಇನ್ನೂ ಬೆಳೆಯಿತು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ತುಗೀಜ ನೂನಿಜ್ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು; ಆದರೆ ಪ್ರತಿ ಸವಾರಿ ಕುದುರೆಗೂ ಒಂದು ಜೊತೆ ಸಜ್ಜು ಬೇಕಿತ್ತೆಂಬ ಲೆಕ್ಕ ಇದರಿಂದ ತಪ್ಪುವುದಿಲ್ಲ.

ಹುನಗುಂದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಕುದುರೆ ಇಳಿಯುತ್ತಿದ್ದ ಭಟ್ಕಳದ ಕರಾವಳಿಯಲ್ಲಿ ಅದು 3,000 ಮಿ.ಮೀ. ಮೀರುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ತೊಗಲಿನ ಶತ್ರು ಬಿರುಕು. ಘಟ್ಟದ ಕೆಳಗೆ ಅದು ಬೂಷ್ಟು. ಕುದುರೆಯ ಬೆವರಿನ ಉಪ್ಪು ಪಟ್ಟಿಯೊಳಗೆ ಇಳಿದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೊಗಲಿಗಿಂತ ಮೊದಲು ಕೊಳೆಯುವುದು ಹೊಲಿಗೆಯ ನೂಲು. ನೆನೆದ ಪಟ್ಟಿಯನ್ನು ಅವಸರದಿಂದ ಬೆಂಕಿಯ ಬಳಿ ಒಣಗಿಸಿದರೆ ಅದು ಮುದುಡಿ ಕಟ್ಟಿಗೆಯಂತಾಗುತ್ತದೆ. ಮತ್ತೆ ಎಣ್ಣೆ ಹಚ್ಚಿದರೂ ಮೊದಲಿನ ಹದ ಬಾರದು. ಆದುದರಿಂದ ಬೆವರು ಒರೆಸಿ, ನೆರಳಿನಲ್ಲಿ ಗಾಳಿಗೆ ತೂಗುಹಾಕಿ, ತುಸು ತೇವ ಉಳಿದಿರುವಾಗಲೇ ಕೊಬ್ಬನ್ನೋ ಎಣ್ಣೆಯನ್ನೋ ತಿಕ್ಕುವುದು ಸರಿಯಾದ ಕ್ರಮ. ಎಣ್ಣೆ ಮಿತಿ ಮೀರಿದರೆ ತೊಗಲು ಹಿಗ್ಗಿ ಸಡಿಲವಾಗುತ್ತದೆ. ಕಬ್ಬಿಣದ ಕೊಂಡಿ ತಗಲಿದೆಡೆ ಹದದ ಒಗರು ಕಪ್ಪುಗಟ್ಟುವುದನ್ನೂ ಬಲ್ಲವರು ಗಮನಿಸುತ್ತಾರೆ.

ಈ ಬಾಳಿಕೆಯ ಅರ್ಧ ಕೆಲಸ ಹದಗೇರಿಯಲ್ಲೇ ಮುಗಿಯುತ್ತಿತ್ತು. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ತಂಗಡಿ, ಜಾಲಿಗಳ ತೊಗಟೆಯ ಕಷಾಯದಲ್ಲಿ ದಿನಗಟ್ಟಲೆ ಇಡಬೇಕು. ತಂಗಡಿಯೂ ಜಾಲಿಯೂ ಬಯಲುನಾಡಿನ ಗಿಡಗಳು. ಅಳಲೆಕಾಯಿ ಮಾತ್ರ ಕಾಡಿನಿಂದ ಬರಬೇಕಾದ ಸರಕು. ಮಳೆನಾಡಿನಲ್ಲಿ ಬಾಳಬೇಕಾದ ತೊಗಲಿಗೆ ಒಣನಾಡಿನ ತೊಗಟೆಯೇ ಕಾವಲು ಎಂಬುದು ಕುತೂಹಲದ ಸಂಗತಿ.

ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದ ಬಂದರುಗಳು ಮುಚ್ಚಿದಂತೆಯೇ ಇರುತ್ತಿದ್ದವು. ದಂಡಯಾತ್ರೆಗಳೂ ಸಾಮಾನ್ಯವಾಗಿ ಮಳೆ ಕಳೆದ ಮೇಲೆಯೇ ಹೊರಡುತ್ತಿದ್ದವು. ಇದಕ್ಕೆ ತುಂಬಿದ ಹೊಳೆ, ಕೆಸರಾದ ಎರೆಭೂಮಿ ಮುಖ್ಯ ಕಾರಣಗಳು. ನೆನೆದ ಸಜ್ಜನ್ನೂ ಆ ಸಾಲಿಗೆ ಸೇರಿಸಬೇಕು. 1565ರ ರಕ್ಕಸಗಿ-ತಂಗಡಗಿ ಯುದ್ಧ ನಡೆದದ್ದು ಜನವರಿಯಲ್ಲಿ, ಕೃಷ್ಣೆ ಇಳಿದಿದ್ದಾಗ. ರಕ್ಕಸಗಿ ಹುನಗುಂದ ಸೀಮೆಯ ಊರೇ.

ವರ್ತಕರ ಬಿರುದುಗಳು ಶಾಸನಗಳಲ್ಲಿ ಸಾಲುಗಟ್ಟಿವೆ. ತೊಗಲು ಹದಮಾಡಿದವರ ಹೆಸರಿಗೆ ವಚನಯುಗದವರೆಗೆ ಬರಬೇಕು. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ ಎಂಬಲ್ಲಿ ಕಸುಬು ಹೆಸರಿನ ಮುಂದೆಯೇ ನಿಂತಿದೆ. ಹದಗೇರಿಯನ್ನು ಊರ ಹೊರಗಿಟ್ಟ ಸಮಾಜ ಅದರ ಉತ್ಪನ್ನವನ್ನು ಅರಮನೆಯ ಲಾಯಕ್ಕೆ ಒಯ್ದಿತ್ತು. ಚೆನ್ನಯ್ಯನು ಚೋಳರಾಜನ ಕುದುರೆಗಳಿಗೆ ಹುಲ್ಲು ತರುತ್ತಿದ್ದನೆಂದು ಶರಣಕಥೆಗಳು ಹೇಳುತ್ತವೆ.